ನಾದಸ್ವರದ ಶ್ರುತಿಗೆ ಹಾಡನ್ನೇ ಏರಿಸಿದೆವು

ಚೆನ್ನೈನ ವಡಪಳನಿಗೆ ಅಂಟಿಕೊಂಡಂತೆ ಸಾಲಿಗ್ರಾಮಂ ಅನ್ನುವ ಏರಿಯಾ ಇದೆ. ಅಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿರುವ ಸ್ಟುಡಿಯೋದಲ್ಲಿ ನಾನು ಮ್ಯೂಸಿಕ್ ಪ್ರೋಗ್ರಾಮರ್. ಸಂಗೀತ ನಿರ್ದೇಶಕರು ಗುನುಗಿ ಕಳಿಸಿದ ಧಾಟಿಗೆ ತಾಳ, ಬೇಸ್, ಕೀಬೋರ್ಡ್ ಕೂಡಿಸಿ ಹಾಡಿನ ಆಕಾರ ತರುವುದು ನನ್ನ ಕೆಲಸ. ಊರು ಮೈಸೂರು. ಕೆಲಸಕ್ಕೆ ಚೆನ್ನೈ ಅಂದಾಗ ಅಪ್ಪನಿಗೆ ಆಶ್ಚರ್ಯ ಆಗಲಿಲ್ಲ. ರಾಜ್‌ಕುಮಾರ್ ಅವರ ಹಳೆಯ ಚಿತ್ರಗಳ ಹಾಡುಗಳು ಬಹುಪಾಲು ರೆಕಾರ್ಡ್ ಆಗಿದ್ದು ಆ ಊರಿನಲ್ಲೇ ಅಲ್ವಾ!

ಈಗ ಹೇಳುತ್ತಿರುವುದು ಒಂದು ಚಿಕ್ಕ ಬಜೆಟ್ಟಿನ ತಮಿಳು ಚಿತ್ರದ ಕಥೆ. ಒಟ್ಟು ಐದು ಹಾಡು. ನಾಲ್ಕು ಸಲೀಸಾಗಿ ಮುಗಿದವು. ಐದನೆಯದು ಮದುವೆಯ ಹಾಡು. ಆನಂದಭೈರವಿ ರಾಗದ ನೆರಳಿನಲ್ಲಿ ಕಟ್ಟಿದ ಮಟ್ಟು, ಅಂದರೆ ಧಾಟಿ. ನಮ್ಮಲ್ಲಿ ಮಟ್ಟು, ಅವರಲ್ಲಿ ಮೆಟ್ಟು, ಪದ ಒಂದೇ.

ಮೊದಲು ಮೆಟ್ಟು, ಆಮೇಲೆ ಸಾಹಿತ್ಯ. ಅಲ್ಲಿ ಹೆಚ್ಚಾಗಿ ಇದೇ ಕ್ರಮ. ಸಂಗೀತ ನಿರ್ದೇಶಕರು ‘ತಾನ ತನನ ತಾನಾ’ ಅಂತ ಹಾಡಿದ್ದನ್ನು ಕವಿಗಳ ಫೋನಿಗೆ ಕಳಿಸಿದೆವು. ಇದಕ್ಕೆ ತತ್ತಕಾರ ಅನ್ನುತ್ತಾರೆ. ಎರಡು ದಿನ ಬಿಟ್ಟು ಕವಿಗಳು ಬಂದರು. ಕೈಯಲ್ಲಿ ಶಾಲೆಯ ಮಕ್ಕಳ ನೋಟ್‌ಬುಕ್. ಒಂದೇ ಸಾಲನ್ನು ನಾಲ್ಕೈದು ಬಗೆಯಲ್ಲಿ ಬರೆದುಕೊಂಡಿದ್ದರು. ಪ್ರತಿ ಸಾಲಿನ ಎರಡನೇ ಅಕ್ಷರ ಒಂದಕ್ಕೊಂದು ಹೊಂದುತ್ತಿತ್ತು. ತಮಿಳಿನಲ್ಲಿ ಇದು ಎದುಗೈ. ನಮ್ಮ ಹಳೆಯ ಪದ್ಯಗಳ ಆದಿಪ್ರಾಸವೂ ಇದೇ ಜಾಗದಲ್ಲಿ ಕೂರುತ್ತದೆ. ನಾನು ಹಾಗಂದ ತಕ್ಷಣ ಅವರು ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

ಪಲ್ಲವಿಯಲ್ಲಿ ‘ವಾೞ್’ ಅನ್ನುವ ಧಾತು ಮೂರು ಕಡೆ ಬರುತ್ತಿತ್ತು. ಬಾಳು ಅಂತ ಅರ್ಥ. ಮಾದರಿಗೆ ಟ್ರ್ಯಾಕ್ ಹಾಡಲು ಬಂದ ಹುಡುಗಿ ತಮಿಳಿನವಳು, ಅವಳಿಗೆ ತೊಂದರೆ ಇರಲಿಲ್ಲ. ಫೈನಲ್ ಹಾಡಬೇಕಿದ್ದ ಗಾಯಕಿ ಮಾತ್ರ ಮುಂಬೈಯವರು. ಅವರ ಬಾಯಲ್ಲಿ ‘ವಾಳ್’ ಅಂತಲೇ ಬರುತ್ತಿತ್ತು. ನನ್ನ ಬಾಯಲ್ಲೂ ಹಾಗೇ. ಪಂಪನ ಕಾಲದ ಕನ್ನಡದಲ್ಲಿ ಈ ೞ ಇತ್ತು, ‘ಬಾೞ್’ ಅಂತಲೇ ಅನ್ನುತ್ತಿದ್ದರು. ಆಮೇಲೆ ನಾವು ಅದನ್ನು ಕಳೆದುಕೊಂಡೆವು. ಕವಿಗಳು ನನ್ನ ಎದುರು ಕೂತು ಬಾಯಿ ತೆರೆದು ತೋರಿಸಿದರು. ನಾಲಿಗೆಯ ತುದಿ ಹಿಂದಕ್ಕೆ ಮಡಚಿಕೊಳ್ಳಬೇಕು, ಆದರೆ ಅಂಗುಳಿಗೆ ತಾಗಬಾರದು. ತಾಗಿದರೆ ಅದು ಳ. ಅರ್ಧ ಗಂಟೆ ಆದ ಮೇಲೆ ಒಂದು ಸಲ ಸರಿಯಾಗಿ ಬಂತು. ಆ ಖುಷಿ ಈಗಲೂ ನೆನಪಿದೆ. ಗಾಯಕಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿಕೊಡಲು ಅದೇ ಅರ್ಧ ಗಂಟೆ ಕೆಲಸಕ್ಕೆ ಬಂತು.

ಇನ್ನು ನಾದಸ್ವರದ ವಿಷಯ.

ಮದುವೆಯ ಹಾಡು ಅಂದ ಮೇಲೆ ನಾದಸ್ವರ, ತವಿಲ್ ಅನ್ನುವ ಡೋಲು ಬೇಕೇ ಬೇಕು. ಕಂಪ್ಯೂಟರಿನಲ್ಲಿ ಸ್ಯಾಂಪಲ್ ಸಿಗುತ್ತದೆ. ಡೆಮೊಗೆ ನಾನು ಅದನ್ನೇ ಹಾಕಿದ್ದೆ. ಒಂದೊಂದೇ ಸ್ವರ ಕೇಳಿದರೆ ಚೆನ್ನಾಗಿಯೇ ಇರುತ್ತದೆ. ಆದರೆ ಆನಂದಭೈರವಿಯ ಗಾಂಧಾರ ನಿಂತ ಕಡೆ ನಿಲ್ಲುವ ಸ್ವರವಲ್ಲ, ತೂಗುತ್ತಾ ಬರಬೇಕು. ಕೀಬೋರ್ಡಿನ ಚಕ್ರ ತಿರುಗಿಸಿ ಆ ತೂಗು ತರಲು ಒಂದು ರಾತ್ರಿ ಒದ್ದಾಡಿದೆ, ಆಗಲಿಲ್ಲ. ಕುಂಭಕೋಣದ ಕಡೆಯ ಒಬ್ಬ ಹಿರಿಯ ವಿದ್ವಾಂಸರನ್ನು ಕರೆಸೋಣ ಅಂತ ನಿರ್ದೇಶಕರೇ ಹೇಳಿದರು.

ಬೆಳಿಗ್ಗೆ ಏಳಕ್ಕೇ ಬಂದರು. ಹಣೆ ತುಂಬ ವಿಭೂತಿ, ಬಿಳಿ ಪಂಚೆ. ಜೊತೆಗೆ ತವಿಲ್ ನುಡಿಸುವವರು, ಅವರದು ಮಾತು ಕಡಿಮೆ. ನಾದಸ್ವರ ನರಸಿಂಗಂಪೇಟ್ಟೈಯಲ್ಲಿ ಆಚ್ಚಾ ಮರದಿಂದ ಮಾಡಿದ್ದು. ವಿದ್ವಾಂಸರು ವಾದ್ಯಕ್ಕೆ ದಾರದಿಂದ ಕಟ್ಟಿದ್ದ ಸೀವಾಳಿಗಳಲ್ಲಿ, ಅಂದರೆ ಊದುವ ಪೀಪಿಗಳಲ್ಲಿ, ಒಂದನ್ನು ಆರಿಸಿ, ನಾಲಿಗೆಯಲ್ಲಿ ನೆನೆಸಿ, ಬೆಳಕಿಗೆ ಹಿಡಿದು ನೋಡಿ, ಇನ್ನೊಂದನ್ನು ಎತ್ತಿಕೊಂಡರು. ನಾಲ್ಕನೆಯದು ಒಪ್ಪಿಗೆಯಾಯಿತು. ಷಡ್ಜ ಊದಿದರು.

ನನ್ನ ಎದೆ ಧಸಕ್ಕೆಂದಿತು. ಹಾಡು ಇದ್ದದ್ದು ಎರಡು ಮನೆ ಶ್ರುತಿಯಲ್ಲಿ. ಅವರ ವಾದ್ಯ ಎರಡೂವರೆ. ಶ್ರುತಿಯ ಎತ್ತರ ಅಳೆಯುವ ಈ ಮನೆಗೆ ತಮಿಳಿನಲ್ಲಿ ಕಟ್ಟೈ ಅನ್ನುತ್ತಾರೆ. ನಾದಸ್ವರದ ಶ್ರುತಿ ಮರದಲ್ಲೇ ಕೊರೆದದ್ದು, ಅರ್ಧ ಮನೆ ಇಳಿಸಲು ಆಗುವುದಿಲ್ಲ. ಫೋನಿನಲ್ಲಿ ಕೇಳಬೇಕಿತ್ತು, ನಾನು ಕೇಳಿರಲಿಲ್ಲ.

ಎರಡು ದಾರಿ ಇತ್ತು. ಅವರ ಶ್ರುತಿಯಲ್ಲೇ ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ಅರ್ಧ ಮನೆ ಇಳಿಸುವುದು ಒಂದು. ಮಾಡಿ ನೋಡಿದೆ. ನಾದ ಮಂಕಾಯಿತು, ಮೂಗು ಕಟ್ಟಿದ ಹಾಗೆ ಕೇಳಿಸಿತು. ಇನ್ನೊಂದು, ಇಡೀ ಹಾಡನ್ನೇ ಎರಡೂವರೆಗೆ ಏರಿಸುವುದು. ನನ್ನ ಪ್ರೋಗ್ರಾಮಿಂಗ್ ಏರಿಸಲು ಒಂದು ನಿಮಿಷ ಸಾಕು. ಗಿಟಾರ್ ಮತ್ತೆ ನುಡಿಸಬೇಕು. ಗಾಯಕಿ ಇನ್ನೂ ಹಾಡಿರಲಿಲ್ಲ, ಅದೊಂದು ಪುಣ್ಯ. ಅವರಿಗೆ ಫೋನ್ ಮಾಡಿ ಮೇಲಿನ ಪಂಚಮ ಮುಟ್ಟುತ್ತದಾ ಅಂತ ಕೇಳಿದೆವು. ಮುಟ್ಟುತ್ತದೆ ಅಂದರು. ಏರಿಸಿಬಿಟ್ಟೆವು. ಈಗ ಯಾವ ಹಾಡಾದರೂ ಸರಿ, ಶ್ರುತಿ ಬದಲಿಸಲಾಗದ ವಾದ್ಯವನ್ನೇ ನಾನು ಮೊದಲು ರೆಕಾರ್ಡ್ ಮಾಡಿಸುತ್ತೇನೆ. ಗಾಯನ ಆಮೇಲೆ.

ನಮ್ಮ ಸ್ಟುಡಿಯೋದ ಗಾಜಿನ ಕೋಣೆ ಹಾಡುವವರಿಗೆ ಸರಿ. ನಾದಸ್ವರ ಬಯಲಲ್ಲಿ, ದೇವರ ಮುಂದೆ ನುಡಿಸುವ ವಾದ್ಯ. ಆ ಪುಟ್ಟ ಕೋಣೆಯಲ್ಲಿ ಊದಿದಾಗ ಮೀಟರ್ ಕೆಂಪಾಯಿತು, ಕಿವಿ ಗುಂಯ್ ಅಂದಿತು. "ತಂಬಿ, ಇದು ಕೋಯಿಲ್ ವಾದ್ಯಂ," ಅಂದರು ವಿದ್ವಾಂಸರು. ದೇವಸ್ಥಾನದ ವಾದ್ಯಪ್ಪ ಅಂತ. "ಸರಿ ಅಯ್ಯಾ," ಅಂತ ಹತ್ತಿರದ ದೊಡ್ಡ ಹಾಲ್ ಒಂದನ್ನು ಅರ್ಧ ದಿನಕ್ಕೆ ಹಿಡಿದೆವು. ಮೈಕನ್ನು ಆರು ಅಡಿ ದೂರ ಇಟ್ಟೆವು, ವಾದ್ಯದ ಅಗಲವಾದ ಬಾಯಿಗೆ ನೇರವಾಗಿ ಅಲ್ಲ, ಸ್ವಲ್ಪ ಓರೆಯಾಗಿ. ಇನ್ನೊಂದು ಮೈಕು ಹಾಲ್‌ನ ಮೂಲೆಯಲ್ಲಿ, ಎತ್ತರಕ್ಕೆ.

ಆಮೇಲೆ ಕ್ಲಿಕ್ಕಿನ ಸಮಸ್ಯೆ. ತಾಳ ತಪ್ಪದಿರಲೆಂದು ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಕೊಟ್ಟರೆ ಅವರ ನುಡಿಸಾಣಿಕೆ ಬಿಗಿದುಕೊಳ್ಳುತ್ತಿತ್ತು. ಎರಡು ಟೇಕ್ ಕೆಟ್ಟವು. ಆಗ ತವಿಲ್‌ನವರು ನನ್ನನ್ನು ನೋಡಿ, ಕೈಸನ್ನೆಯಲ್ಲೇ ಅದನ್ನು ನಿಲ್ಲಿಸು ಅಂದರು. ಬಲಗೈ ಬೆರಳುಗಳಿಗೆ ತೊಟ್ಟ ಗಟ್ಟಿ ಟೋಪಿಯಂಥ ಕೂಡುಗಳನ್ನು ಒಮ್ಮೆ ಒತ್ತಿ ಸರಿಮಾಡಿಕೊಂಡು, ಎಡಗೈಯ ಕೋಲಿನಿಂದ ಕಾಲ ಹಾಕಿದರು. ಮೂರನೇ ಟೇಕ್ ಒಂದೇ ಉಸಿರಿಗೆ ಆಯಿತು. ಗಾಂಧಾರ ತೂಗಿತು. ಕನ್ಸೋಲ್ ಹತ್ತಿರ ಕೂತಿದ್ದ ಯಾರೂ ಮಾತಾಡಲಿಲ್ಲ. ಕ್ಲಿಕ್ ಇಲ್ಲದೆ ನುಡಿಸಿದ್ದಕ್ಕೆ ನಾನು ರಾತ್ರಿ ಕೂತು ಆವರ್ತಕ್ಕೊಂದು ಗುರುತು ಹಾಕಿ, ನನ್ನ ಡ್ರಮ್ಸನ್ನೇ ಅವರ ಹಿಂದೆ ನಡೆಸಿದೆ. ನಡುವಿನ ಗಟ್ಟಿಮೇಳದಲ್ಲಿ ಕಾಲ ಸ್ವಲ್ಪ ಓಡುತ್ತದೆ. ತಾಳಿ ಕಟ್ಟುವಾಗ ಓಡಲೇಬೇಕು. ಅದನ್ನು ನಾನು ಮುಟ್ಟಲಿಲ್ಲ.

ಮಿಕ್ಸಿಂಗ್, ಮಾಸ್ಟರಿಂಗ್ ಒಂದು ವಾರ. ಬಿಡುಗಡೆಯ ಕೆಲಸ ಅಂದರೆ ಹೆಚ್ಚಾಗಿ ಫೈಲು ಕಳಿಸುವುದು. ಪೂರ್ತಿ ಹಾಡು, ಗಾಯನ ಇಲ್ಲದ ಆವೃತ್ತಿ, ಕಾಲರ್ ಟ್ಯೂನ್‌ಗೆ ತುಂಡು, ತಮಿಳು ಲಿಪಿಯಲ್ಲಿ ಸಾಹಿತ್ಯ. ಪ್ರತಿ ಹಾಡಿಗೂ ಅದರ ರೆಕಾರ್ಡಿಂಗನ್ನು ಗುರುತಿಸುವ 12 ಅಕ್ಷರಗಳ ಒಂದು ಐಎಸ್ಆರ್‌ಸಿ ಸಂಕೇತ. ಜೊತೆಗೆ ಹೆಸರುಗಳ ಶೀಟ್. ಆ ಶೀಟಿನಲ್ಲಿ ಮೂರೇ ಕಾಲಂ ಇತ್ತು: ಸಂಗೀತ, ಸಾಹಿತ್ಯ, ಗಾಯನ.

ನಾನು ಕ್ಯಾಸೆಟ್ ಕಾಲದ ಹುಡುಗ. 1991ರ ‘ದಳಪತಿ’ಯ ತಮಿಳು ಕ್ಯಾಸೆಟ್ ಹೊರತಂದದ್ದು ನಮ್ಮ ಬೆಂಗಳೂರಿನ ಲಹರಿ. ಅದು ನಮ್ಮ ಮನೆಯಲ್ಲೂ ಇತ್ತು. ಆಮೇಲೆ ಎ.ಆರ್. ರೆಹಮಾನ್ ತಮ್ಮ ಕ್ಯಾಸೆಟ್‌ಗಳ ಒಳಗಿನ ಕಾರ್ಡಿನಲ್ಲಿ ವಾದ್ಯ ನುಡಿಸಿದವರ ಹೆಸರೂ ಹಾಕಿಸತೊಡಗಿದರು. ಕೊಳಲು ಯಾರು, ಗಿಟಾರ್ ಯಾರು ಅಂತ ನಾನು ಬಾಯಿಪಾಠ ಮಾಡುತ್ತಿದ್ದೆ. ಈ ಕೆಲಸಕ್ಕೆ ಬರಲು ಅದೂ ಒಂದು ಕಾರಣ. 2012ರ ಕಾಪಿರೈಟ್ ತಿದ್ದುಪಡಿ ಆದ ಮೇಲೆ ಸಂಗೀತ, ಸಾಹಿತ್ಯ ಮಾಡಿದವರಿಗೆ ರಾಯಲ್ಟಿಯ ಹಕ್ಕು ಗಟ್ಟಿಯಾಯಿತು. ಕಾಲ್‌ಶೀಟ್ ಲೆಕ್ಕದಲ್ಲಿ ಬಂದು ನುಡಿಸಿ ಹೋಗುವವರಿಗೆ ಬಹುಮಟ್ಟಿಗೆ ಅವತ್ತಿನ ಹಣವೇ ಕೊನೆ. ಹೆಸರಾದರೂ ಇರಬೇಡವೇ?

ಸಂಜೆ ಆರಕ್ಕೆ ಲಿರಿಕ್ ವಿಡಿಯೋ ಬಂತು. ಕೆಳಗೆ ಸಂಗೀತ, ಸಾಹಿತ್ಯ, ಗಾಯನ. ಅಷ್ಟೇ. ಆಡಿಯೋ ಕಂಪನಿಗೆ ಫೋನ್ ಮಾಡಿದೆ. ಫಾರ್ಮ್ಯಾಟ್ ಹಾಗೇ ಇದೆ ಸಾರ್ ಅಂದರು. ಮೇಲ್ ಹಾಕಿದೆ. ನಿರ್ದೇಶಕರ ಕೈಲೂ ಹೇಳಿಸಿದೆ. ಹತ್ತು ದಿನ ಹಿಂದೆ ಬಿದ್ದ ಮೇಲೆ ವಿವರಣೆಯಲ್ಲಿ ನಾದಸ್ವರ ವಿದ್ವಾಂಸರ ಹೆಸರು ಸೇರಿತು.

ತಕ್ಷಣ ಅವರಿಗೆ ಫೋನ್ ಮಾಡಿದೆ. ಮೊಮ್ಮಗ ಫೋನಿನಲ್ಲೇ ವಿಡಿಯೋ ತೆಗೆದು ಹೆಸರು ಜೋರಾಗಿ ಓದಿ ಹೇಳಿದ. ವಿದ್ವಾಂಸರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ತಂಬಿ, ತವಿಲ್‌ಕಾರರ್ ಪೇರ್ ಎಂಗೇ?"

ತವಿಲ್‌ನವರ ಹೆಸರನ್ನು ನಾನೇ ಕಳಿಸಿರಲಿಲ್ಲ. ಅವತ್ತಿನ ಕಾಲ್‌ಶೀಟ್ ಪುಸ್ತಕ ತೆಗೆದು, ಅವರು ಸಹಿ ಮಾಡಿದ ಪುಟದಲ್ಲಿ ಹೆಸರು ನೋಡಿಕೊಂಡು, ಕಂಪನಿಗೆ ಮತ್ತೆ ಮೇಲ್ ಬರೆಯಲು ಕೂತೆ.