ಸಿವಿಲೈಸೇಷನ್ 6: ಸಂಶೋಧನೆಯ ಲೆಕ್ಕ ಇಡುವ ಬಗೆ

ಒಂದು ನಾಗರಿಕತೆಯನ್ನು ಸರದಿಯಿಂದ ಸರದಿಗೆ ಬೆಳೆಸುವ ಕಂಪ್ಯೂಟರ್ ಆಟವಾದ ಸಿವಿಲೈಸೇಷನ್ 6ರಲ್ಲಿ ಹೊಸಬರು ಒಂದು ತಂತ್ರಜ್ಞಾನವನ್ನು ಆರಿಸಿ, ಅದು ಮುಗಿಯುವವರೆಗೆ ಆ ಕಡೆ ತಿರುಗಿ ನೋಡುವುದಿಲ್ಲ. ಇದರಿಂದ ಆಗುವ ನಷ್ಟ ಸಣ್ಣದಲ್ಲ. ಏಕೆಂದರೆ ನಗರಗಳು ಪ್ರತಿ ಸರದಿಯಲ್ಲಿ ಗಳಿಸುವ ವಿಜ್ಞಾನದ ಅಂಕಗಳಲ್ಲದೆ, ಯುರೇಕಾ ಎಂಬ ಇನ್ನೊಂದು ಆದಾಯವೂ ಇಲ್ಲಿದೆ. ಗೊತ್ತುಪಡಿಸಿದ ಒಂದು ಕೆಲಸವನ್ನು ಮಾಡಿ ಮುಗಿಸಿದರೆ, ಆ ತಂತ್ರಜ್ಞಾನದ ವೆಚ್ಚದಲ್ಲಿ ದೊಡ್ಡ ಪಾಲು ಒಮ್ಮೆಲೇ ಜಮೆಯಾಗುತ್ತದೆ. 2016ರ ಮೂಲ ಆಟದಲ್ಲಿ ಈ ಪಾಲು ಶೇ. 50ರಷ್ಟಿತ್ತು, 2018ರಲ್ಲಿ ಬಂದ ರೈಸ್ ಅಂಡ್ ಫಾಲ್ ಎಂಬ ಹೆಚ್ಚುವರಿ ವಿಸ್ತರಣೆಯಿಂದೀಚೆಗೆ ಶೇ. 40ಕ್ಕೆ ಇಳಿದಿದೆ. ಮುಂದಿನ ಲೆಕ್ಕವೆಲ್ಲ ಈ ಶೇ. 40ನ್ನೇ ಹಿಡಿದು ಮಾಡಿದ್ದು.

ಮೊದಲು ಟೆಕ್ ಟ್ರೀ, ಅಂದರೆ ತಂತ್ರಜ್ಞಾನಗಳು ಒಂದಕ್ಕೊಂದು ಹೊಂದಿಕೊಂಡಿರುವ ನಕ್ಷೆ, ತೆರೆದು, ಮುಂದಿನ ನಾಲ್ಕೈದು ತಂತ್ರಜ್ಞಾನಗಳ ಯುರೇಕಾ ಷರತ್ತುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬರವಣಿಗೆಗೆ ಬೇರೊಂದು ನಾಗರಿಕತೆಯನ್ನು ಭೇಟಿಯಾಗಬೇಕು, ಕಲ್ಲುಕೆಲಸಕ್ಕೆ ಒಂದು ಕ್ವಾರಿ ಕಟ್ಟಬೇಕು, ನೌಕಾಯಾನಕ್ಕೆ ಕರಾವಳಿಯಲ್ಲಿ ಒಂದು ನಗರವನ್ನು ಸ್ಥಾಪಿಸಬೇಕು. ಪ್ರತಿಯೊಂದರ ಎದುರು ಆ ಕೆಲಸ ಯಾವ ನಗರದ ಅಥವಾ ಯಾವ ಪಡೆಯ ಪಾಲಿನದು ಎಂದು ಗುರುತು ಹಾಕಿ. ಷರತ್ತು ಆಟದ ಪರದೆಯಲ್ಲೇ ಕಾಣುತ್ತದೆ ನಿಜ, ಆದರೆ ಯಾರಿಗೆ ಯಾವ ಕೆಲಸ ಒಪ್ಪಿಸಿದ್ದೀರಿ ಎಂಬುದನ್ನು ಪರದೆ ಹೇಳುವುದಿಲ್ಲ.

ಎರಡನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲಿ ನಿಲ್ಲಿಸಬೇಕೆಂಬ ಲೆಕ್ಕ. ಕಂಚಿನ ಕೆಲಸ ಎಂಬ ತಂತ್ರಜ್ಞಾನಕ್ಕೆ ಸಾಮಾನ್ಯ ವೇಗದ ಆಟದಲ್ಲಿ 80 ಅಂಕ ಬೇಕು, ಯಾವ ನಾಗರಿಕತೆಗೂ ಸೇರದ ಬರ್ಬರರ ಮೂರು ಪಡೆಗಳನ್ನು ಕೊಂದರೆ ಅದರಲ್ಲಿ 32 ಅಂಕ ಯುರೇಕಾದಿಂದಲೇ ಬರುತ್ತದೆ. ಹಾಗಾಗಿ ಸಂಶೋಧನೆ 48 ಅಂಕ ಮುಟ್ಟಿದ ಕೂಡಲೇ ಅದನ್ನು ಅಲ್ಲಿಗೇ ಬಿಟ್ಟು ಬೇರೊಂದನ್ನು ಆರಿಸಿಕೊಳ್ಳಿ. ಅರ್ಧಕ್ಕೆ ಬಿಟ್ಟದ್ದು ಅಳಿದುಹೋಗುವುದಿಲ್ಲ. ಮೂರನೆಯ ಬರ್ಬರ ಪಡೆ ಬಿದ್ದ ಸರದಿಯಲ್ಲೇ ಕಂಚಿನ ಕೆಲಸ ಪೂರ್ಣಗೊಳ್ಳುತ್ತದೆ. 70 ಅಂಕದವರೆಗೆ ಸಂಶೋಧಿಸಿದ ಮೇಲೆ ಯುರೇಕಾ ಬಂದರೆ ಮಾತ್ರ ಅದರ ಬಹುಪಾಲು ಉಪಯೋಗಕ್ಕೆ ಬರುವುದಿಲ್ಲ. ತಮ್ಮ ನಾಗರಿಕತೆಯಾಗಿ ಚೀನಾವನ್ನು ಆರಿಸಿಕೊಂಡವರಿಗೆ ಯುರೇಕಾದ ಪಾಲು ಇನ್ನೂ ಶೇ. 10ರಷ್ಟು ಹೆಚ್ಚಿ ಶೇ. 50 ಆಗಿರುವುದರಿಂದ ಅರ್ಧದಲ್ಲೇ ನಿಲ್ಲಿಸಬಹುದು.

ಆದರೆ ಕಾಯುವುದಕ್ಕೂ ಮಿತಿಯಿದೆ. ಬಲವಾದ ಪಡೆಗಳಿಗೆ ಬೇಕಾದ ಕಬ್ಬಿಣ ಭೂಪಟದಲ್ಲಿ ಕಾಣಿಸಿಕೊಳ್ಳುವುದೇ ಕಂಚಿನ ಕೆಲಸ ಮುಗಿದ ಮೇಲೆ. ನೆರೆಯವನ ಸೈನ್ಯ ಗಡಿಯಲ್ಲಿ ಸೇರುತ್ತಿರುವಾಗ ಬರ್ಬರರ ದಾರಿ ಕಾಯುತ್ತ ಕೂರುವುದು ಜಾಣತನವಲ್ಲ, ಪೂರ್ತಿ ವೆಚ್ಚ ಕೊಟ್ಟು ಮುಗಿಸಿಬಿಡಿ.

ದೂರದ ಒಂದು ತಂತ್ರಜ್ಞಾನವನ್ನು ಒತ್ತಿದರೆ ನಡುವಿನವೆಲ್ಲ ತಾವಾಗಿ ಸಾಲುಗಟ್ಟುವ ಸೌಲಭ್ಯವನ್ನು ನಾನು ಎಚ್ಚರಿಕೆಯಿಂದ ಬಳಸುತ್ತೇನೆ. ಶಿಕ್ಷಣವನ್ನು ಗುರಿಯಾಗಿಟ್ಟರೆ ಹಣದ ಚಲಾವಣೆಯೂ ಗಣಿತವೂ ಸಾಲಿನಲ್ಲಿ ಸೇರುತ್ತವೆ. ಮೊದಲನೆಯದಕ್ಕೆ ವ್ಯಾಪಾರ ಮಾರ್ಗ, ಎರಡನೆಯದಕ್ಕೆ ಮೂರು ಬಗೆಯ ವಿಶೇಷ ಜಿಲ್ಲೆಗಳು (ನಗರಕ್ಕೆ ಸೇರಿಸಿ ಕಟ್ಟುವ ಭಾಗಗಳು) ಸಿದ್ಧವಾಗಿವೆಯೇ ಎಂದು ಆ ಸಾಲು ವಿಚಾರಿಸುವುದಿಲ್ಲ. ಆದ್ದರಿಂದ ಹತ್ತು ಸರದಿಗೊಮ್ಮೆ ಹಾಳೆಯನ್ನೂ ಸಾಲನ್ನೂ ತಾಳೆ ನೋಡಿ, ಕ್ರಮ ಬದಲಿಸಿ. ದಾರಿಯಲ್ಲಿ ಸಿಕ್ಕ ಬುಡಕಟ್ಟು ಹಳ್ಳಿಯೊಂದು ಕೇಳದೆಯೇ ಯುರೇಕಾ ಕೊಡುವುದುಂಟು. ಆ ಷರತ್ತನ್ನು ಹಾಳೆಯಿಂದ ಆಗಲೇ ಹೊಡೆದುಹಾಕದಿದ್ದರೆ ಆಗಿಹೋದ ಕೆಲಸಕ್ಕೆ ಮತ್ತೆ ಪಡೆ ಕಳುಹಿಸುತ್ತೀರಿ.

ಸಂಸ್ಕೃತಿಯ ಅಂಕಗಳಿಂದ ಬೆಳೆಯುವ, ಆಡಳಿತ ಮತ್ತು ಸಮಾಜದ ವಿಚಾರಗಳ ನಕ್ಷೆಯಾದ ಸಿವಿಕ್ಸ್ ಟ್ರೀಗೂ ಇದೇ ಲೆಕ್ಕ ಸಲ್ಲುತ್ತದೆ, ಅಲ್ಲಿ ಯುರೇಕಾದ ಬದಲು ಇನ್‌ಸ್ಪಿರೇಷನ್ ಎಂಬ ಹೆಸರಿದೆ, ಅಷ್ಟೆ. 2019ರ ಗ್ಯಾದರಿಂಗ್ ಸ್ಟಾರ್ಮ್ ವಿಸ್ತರಣೆ ಇದ್ದವರು ಭವಿಷ್ಯದ ಯುಗಕ್ಕೆ ಮುಂಚಿತವಾಗಿ ಹಾಳೆ ಬರೆಯಲು ಹೋಗಬೇಡಿ. ಆ ಯುಗದ ತಂತ್ರಜ್ಞಾನಗಳ ಜೋಡಣೆ ಪ್ರತಿ ಆಟಕ್ಕೂ ಬದಲಾಗುತ್ತದೆ.