ತೊಗಲಿನ ಅಂಟು, ಬಿಸಿ ಹಲಗೆ: ಕೊನೆಗೂ ವೀನಿಯರ್ ಕೂತಿತು

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹಳೇ ಮೇಜು ಕುರ್ಚಿ ರಿಪೇರಿ ಮಾಡೋದು ನನ್ನ ಕೆಲಸ. 1770ರ ಕಾಲದ ಮಾದರಿಯ ಅರ್ಧಚಂದ್ರದ ಟೇಬಲ್‌ಗೆ ಆರ್ಡರ್ ಬಂತು. ಮೇಲೆ ಬೀಸಣಿಗೆ ಚಿತ್ತಾರದ ವೀನಿಯರ್, ಅಂದ್ರೆ ಹಲಗೆ ಮೇಲೆ ಅಂಟಿಸೋ ತೆಳು ಮರದ ಹಾಳೆ. ಆಗಿನ ಹೆಸರಾಂತ ಮೇಜು ಕುರ್ಚಿ ತಯಾರಕ ಥಾಮಸ್ ಚಿಪ್ಪೆಂಡೇಲ್ ಕಾಲದವರ ಹಾಗೆ, ಪ್ರಾಣಿ ಚರ್ಮ ಬೇಯಿಸಿ ತೆಗೆದ ತೊಗಲಿನ ಅಂಟಿನಲ್ಲೇ ಕೂರಿಸ್ತೀನಿ ಅಂದೆ. ಗಾಳಿ ಎಳೆದು ವೀನಿಯರ್ ಒತ್ತಿ ಹಿಡಿಯೋ ವ್ಯಾಕ್ಯೂಮ್ ಚೀಲ ಇರುವಾಗ ಇದೆಂಥ ಹುಚ್ಚು ಅಂತ ಇಲ್ಲಿನ ಬಡಗಿಗಳು ನಕ್ಕರು.

ಮೊದಲು ವೀನಿಯರ್ ಸುತ್ತಿಗೆ ಹಿಡಿದೆ. ಹೆಸರಿಗೆ ಸುತ್ತಿಗೆ, ಬಡಿಯೋದಲ್ಲ; ಒತ್ತಿ ಎಳೆದು ಅಂಟನ್ನು ಹೊರಗೆ ತಳ್ಳೋದು. ಸಾದಾ ಮಹಾಗನಿಗೆ ಅದಕ್ಕಿಂತ ಸುಲಭ ಬೇರೆ ಇಲ್ಲ. ಆದರೆ ಬೀಸಣಿಗೆಯ ಚೂರುಗಳು ನೀರು ಕುಡಿದು ಉಬ್ಬಿದವು, ಎಳೆದ ಕಡೆಗೆ ಸರಿದವು. ಒಣಗಿದ ಮೇಲೆ ಸಂದಿಯಲ್ಲಿ ಉಗುರು ತೂರುತ್ತಿತ್ತು. ಮತ್ತೆ ಮಾಡಿದೆ, ಅದೇ ಕಥೆ. ವೀನಿಯರ್ ಒಂದರಲ್ಲೇ ಸುಮಾರು 80 ಪೌಂಡ್ ಹೋಯಿತು. ಇಲ್ಲೇ ಹತ್ತಿರದ ಹೇರ್‌ವುಡ್ ಹೌಸ್ ಅನ್ನೋ ದೊಡ್ಡ ಬಂಗಲೆಗೆ 1773ರಲ್ಲಿ ಚಿಪ್ಪೆಂಡೇಲ್ ಮಾಡಿಕೊಟ್ಟ ಡಯಾನಾ–ಮಿನರ್ವಾ ಚಿತ್ತಾರದ ಬೀರುವಿನ ಪೂರ್ತಿ ಬಿಲ್ಲೇ 86 ಪೌಂಡ್! ಆ ಕಾಲದ ಪೌಂಡೇ ಬೇರೆ, ಬಿಡಿ.

ಆ ಬೀರುವಿನ ಮುಂದೆ ನಿಂತು ನೋಡಿದ ಮೇಲೆ ದಾರಿ ಬದಲಿಸಿದೆ. ಚಿತ್ತಾರದ ಕೆಲಸಕ್ಕೆ ಆಗಿನವರು ಬಿಸಿ ಹಲಗೆ ಒತ್ತುತ್ತಿದ್ದರು. ಅಡಿಹಲಗೆಗೆ ಹಲ್ಲಿನ ತೋಪಡ ಹೊಡೆದು ಸಣ್ಣ ಗೀರು ಬೀಳಿಸಿ ಅಂಟು ಬಳಿದೆ. ಅದು ಗಟ್ಟಿ ಜೆಲ್ಲಿಯಾಗುವ ತನಕ ಸುಮ್ನೆ ಬಿಟ್ಟೆ. ಗುಟ್ಟು ಇರೋದೇ ಇಲ್ಲಿ. ಒದ್ದೆ ಅಂಟಿಲ್ಲ ಅಂದ್ರೆ ಚೂರು ಉಬ್ಬೋದೂ ಇಲ್ಲ. ಮುಖಕ್ಕೆ ಕಾಗದ ಅಂಟಿಸಿದ ಬೀಸಣಿಗೆ ಇಟ್ಟು, ಮೇಲೆ ನ್ಯೂಸ್‌ಪೇಪರ್, ಅದರ ಮೇಲೆ ಸತುವಿನ ತಗಡು ಹೊಡೆದ ಹಲಗೆ. ಅಂಗೈ ಇಟ್ಟ ತಕ್ಷಣ ಎಳೆದುಕೊಳ್ಳಬೇಕು, ಅಷ್ಟು ಬಿಸಿ. ಅಂಟು ಮತ್ತೆ ಕರಗುತ್ತೆ. ಕ್ಲಾಂಪ್ ನಡುವಿನಿಂದ ಅಂಚಿಗೆ ಬಿಗಿಯಬೇಕು. ಹಲಗೆಯ ನಡು ಒಂದು ಕೂದಲಷ್ಟು ಉಬ್ಬಿರಲಿ, ಇಲ್ಲದಿದ್ದರೆ ಅಂಟು ಒಳಗೇ ಸಿಕ್ಕಿಕೊಳ್ಳುತ್ತೆ. ಅಂಟಿನ ಡಬ್ಬಿ 60 ಡಿಗ್ರಿ ಆಸುಪಾಸು. ಕುದಿಸಿದರೆ ಸತ್ತಿತು. ಅಂಟಿಗೆ ನಾನು ಒಂದು ಚಿಟಿಕೆ ಇನ್ನೇನೋ ಹಾಕ್ತೀನಿ, ಅದನ್ನು ಮಾತ್ರ ಕೇಳಬೇಡಿ.

ಚೂರುಗಳ ಅಂಚಿನ ನೆರಳು ಬಿಸಿ ಮರಳಿನದ್ದು. ಬಾಣಲೆಯಲ್ಲಿ ನುಣ್ಣನೆ ಮರಳು ಕಾಯಿಸಿ ಅಂಚನ್ನು ಅದ್ದಿ ತೆಗೆಯೋದು. ಹಳದಿ ತಿರುಗಿ ಕಂದಾಗುವಾಗಲೇ ಎತ್ತಬೇಕು. ಕಪ್ಪಾದರೆ ಹಪ್ಪಳದ ಹಾಗೆ ಪುಡಿ. ಮರ ಸ್ವಲ್ಪ ಕುಗ್ಗುತ್ತೆ, ಹಾಗಾಗಿ ಕೊನೇ ಅಳತೆ ಆಮೇಲೆಯೇ ಕತ್ತರಿಸಿ.

ಹಾಗೇ ಕುತೂಹಲಕ್ಕೆ ಸಿಕಮೋರ್ ಅನ್ನೋ ಬಿಳಿಚು ಮರದ ಚೂರೊಂದನ್ನು ಅನ್ನಭೇದಿ (ಕಬ್ಬಿಣದ ಉಪ್ಪು) ನೀರಿನಲ್ಲಿ ನೆನೆಹಾಕಿದೆ. ಆಗಿನವರು ಬೂದು ಬಣ್ಣ ತರಿಸುತ್ತಿದ್ದ ದಾರಿ ಇದು. ಬೆಳ್ಳಿಯಂಥ ಬೂದು ಬಂತು, ಎಷ್ಟು ಚೆನ್ನಾಗಿತ್ತು ಅಂತೀರಾ! ಓಕ್ ಹಾಕಿದೆ, ಮಸಿಯಾಯಿತು.

ಟೇಬಲ್ ಎರಡು ಚಳಿಗಾಲ ರೇಡಿಯೇಟರ್ ಪಕ್ಕದಲ್ಲೇ ಕಳೆದಿದೆ, ಒಂದು ಸಂದಿಯೂ ಬಿಟ್ಟಿಲ್ಲ. ವ್ಯಾಕ್ಯೂಮ್ ಚೀಲದವರು ಬಂದು ಉಗುರಿನಿಂದ ತಟ್ಟಿ ನೋಡಿ ಹೋದರು. ಎಲ್ಲೂ ಟೊಳ್ಳು ಸದ್ದಿಲ್ಲ.

ದುಡ್ಡಿನ ಮಾತು ಬೇರೆ. ನಾಸ್ಟೆಲ್ ಬಂಗಲೆಯ ಒಡೆಯ, ತನ್ನ ಗಿರಾಕಿ ಸರ್ ರೋಲೆಂಡ್ ವಿನ್ ಹತ್ತಿರ ಚಿಪ್ಪೆಂಡೇಲ್ ಬಾಕಿಗಾಗಿ ಪತ್ರ ಬರೆದು ಬರೆದು ಅಂಗಲಾಚಿದ್ದ. ನನ್ನ ಗಿರಾಕಿಯೂ ಕೊನೇ ಕಂತಿಗೆ ನಾಲ್ಕೈದು ತಿಂಗಳು ಓಡಾಡಿಸಿದರು. ಲೆಕ್ಕ ಹಾಕಿದರೆ ಗಂಟೆಗೆ ಹತ್ತೋ ಹನ್ನೊಂದೋ ಪೌಂಡ್ ಬಿತ್ತು. ಮುಂದಿನ ಟೇಬಲ್‌ಗೆ ಅರ್ಧ ದುಡ್ಡು ಮುಂಗಡ ತಗೊಂಡೇ ಮರ ಕೊಯ್ತಿದ್ದೀನಿ.