21 ದಿನ ಉತ್ತರ ಬಾರದಿದ್ದರೆ

ಗುತ್ತಿಗೆದಾರ ಕಂಪನಿಯೊಂದರಲ್ಲಿ ವಿನ್ಯಾಸದ ನಕ್ಷೆಗಳನ್ನು ಮಾಲೀಕರು ನೇಮಿಸಿದ ಇಂಜಿನಿಯರಿಗೆ ಸಲ್ಲಿಸಿ ಒಪ್ಪಿಗೆ ಪಡೆಯುವುದು ನನ್ನ ಕೆಲಸ. ಹೊಸ ಒಪ್ಪಂದ ಕೈಗೆ ಬಂದರೆ ದರಪಟ್ಟಿಗಿಂತ ಮೊದಲು ಪರಿಶೀಲನೆಯ ಷರತ್ತನ್ನು ಹುಡುಕುತ್ತೇನೆ. ಅದರಲ್ಲೂ ಕಣ್ಣು ಹೋಗುವುದು ಒಂದೇ ಕಡೆ: ಗಡುವಿನೊಳಗೆ ಉತ್ತರ ಬಾರದಿದ್ದರೆ ಏನು?

ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಎಲ್ಲೆಡೆ ನಡೆಯುವುದಿಲ್ಲ. ಸಲಹಾ ಇಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್, ಗುತ್ತಿಗೆದಾರನೇ ವಿನ್ಯಾಸ ಮಾಡುವ ಕಾಮಗಾರಿಗಳಿಗೆಂದು ಹೊರತಂದ ಮಾದರಿ ಒಪ್ಪಂದ ಹಳದಿ ಪುಸ್ತಕ. ಅದರ 1999ರ ಆವೃತ್ತಿಯ 5.2ನೇ ಷರತ್ತಿನಲ್ಲಿ, ಬೇರೆ ಅವಧಿ ಹೇಳದಿದ್ದರೆ, ಪರಿಶೀಲನೆಗೆ 21 ದಿನ. ಅನುಮೋದನೆ ಬೇಕಾದ ದಾಖಲೆಗೆ ಅಷ್ಟರಲ್ಲಿ ಉತ್ತರ ಬಾರದಿದ್ದರೆ ಅನುಮೋದನೆ ಸಿಕ್ಕಿತೆಂದೇ ಲೆಕ್ಕ. ರಾಷ್ಟ್ರೀಯ ಹೆದ್ದಾರಿಗಳ ಇಪಿಸಿ (ವಿನ್ಯಾಸ, ಖರೀದಿ, ನಿರ್ಮಾಣ ಮೂರೂ ಗುತ್ತಿಗೆದಾರನದೇ) ಮಾದರಿ ಒಪ್ಪಂದದ ನಾನು ಬಳಸಿದ ಆವೃತ್ತಿಯಲ್ಲಿ 15 ದಿನ ಕಳೆದರೆ ಕಾಯಬೇಕಾಗಿಲ್ಲ, ಕೆಲಸ ಶುರುಮಾಡಬಹುದು. ಆದರೆ ಹೊಣೆ ಪೂರ್ತಿ ನಮ್ಮದು. ಮಾಹಿತಿ ಹಕ್ಕು ಕಾಯ್ದೆ, 2005ರ 7(2)ನೇ ಕಲಂ ಇದಕ್ಕೆ ತದ್ವಿರುದ್ಧ. ಅಲ್ಲಿ ಗಡುವು ಮೀರಿದ ಮೌನವೆಂದರೆ ನಿರಾಕರಣೆ, ಆ ನಿರಾಕರಣೆಯ ಮೇಲೆ ಮೊದಲ ಮೇಲ್ಮನವಿ ಹೋಗಬಹುದು.

ಇನ್ನು ದಿನ ಎಣಿಸುವುದು ಎಂದಿನಿಂದ? ಹಳದಿ ಪುಸ್ತಕದಲ್ಲಿ ನಕ್ಷೆ ಮಾತ್ರ ತಲುಪಿದರೆ ಸಾಲದು, ಅದರ ಜೊತೆ ನೋಟಿಸೂ ಇಂಜಿನಿಯರಿಗೆ ತಲುಪಿರಬೇಕು. ದಾಖಲೆ ಪರಿಶೀಲನೆಗೂ ಬಳಕೆಗೂ ಸಿದ್ಧವಿದೆ, ಒಪ್ಪಂದಕ್ಕೆ ಅನುಗುಣವಾಗಿದೆ ಅಥವಾ ಎಷ್ಟರ ಮಟ್ಟಿಗೆ ಅನುಗುಣವಾಗಿಲ್ಲ ಎಂಬುದು ಆ ನೋಟಿಸಿನಲ್ಲಿ ಇರಬೇಕು. ‘ಪರಿಶೀಲನೆಗಾಗಿ ಲಗತ್ತಿಸಿದೆ’ ಎಂಬ ಒಂದು ಸಾಲಿನ ಪತ್ರಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದು ನಿಶ್ಚಿಂತರಾಗುವವರನ್ನು ಬಹಳ ಕಂಡಿದ್ದೇನೆ. ಈ ಮಾತುಗಳನ್ನೆಲ್ಲ ಅಚ್ಚು ಹಾಕಿದ ಪತ್ರದ ನಮೂನೆಯೊಂದನ್ನು ನಾನು ಮಾಡಿಟ್ಟುಕೊಂಡಿದ್ದೇನೆ.

ದಿನವೆಂದರೆ ಇಲ್ಲಿ ಕ್ಯಾಲೆಂಡರ್ ದಿನ. ಭಾನುವಾರವೂ ದಸರೆಯೂ ಲೆಕ್ಕಕ್ಕೆ ಸೇರುತ್ತವೆ. ಹಾಗೆಂದು ಹಬ್ಬದ ಮುನ್ನಾದಿನ ನಕ್ಷೆಗಳ ರಾಶಿಯನ್ನೇ ತಂದು ಸುರಿಯುವುದು ಜಾಣತನವಲ್ಲ. ಓದಲು ಪುರಸೊತ್ತಿಲ್ಲದ ಇಂಜಿನಿಯರ್ ಗಡುವಿನ ಹಿಂದಿನ ಸಂಜೆ ಏನಾದರೊಂದು ಆಕ್ಷೇಪ ಬರೆದು ಎಲ್ಲವನ್ನೂ ವಾಪಸ್ ಕಳುಹಿಸುತ್ತಾರೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ನಿಜವಾದ ತೊಡಕು ವಿಶೇಷ ಷರತ್ತುಗಳಲ್ಲಿ, ಅಂದರೆ ಆಯಾ ಕಾಮಗಾರಿಗೆಂದು ಮಾದರಿ ಒಪ್ಪಂದವನ್ನು ತಿದ್ದುವ ಷರತ್ತುಗಳಲ್ಲಿ, ಅಡಗಿರುತ್ತದೆ. ನೀರು ಶುದ್ಧೀಕರಣ ಘಟಕವೊಂದರ ಒಪ್ಪಂದದಲ್ಲಿ ಮಾಲೀಕ ಸಂಸ್ಥೆ ‘ಅನುಮೋದನೆ ಸಿಕ್ಕಿತೆಂದು ಭಾವಿಸುವ’ ವಾಕ್ಯವನ್ನೇ ಹೊಡೆದುಹಾಕಿ, ಲಿಖಿತ ಒಪ್ಪಿಗೆ ಬರುವವರೆಗೆ ಕೆಲಸ ಆರಂಭಿಸುವಂತಿಲ್ಲ ಎಂದು ಸೇರಿಸಿತ್ತು. 21 ದಿನಗಳ ಗಡುವು ಮಾತ್ರ ಹಾಗೆಯೇ ಉಳಿದಿತ್ತು. ಟೆಂಡರ್ ಪೂರ್ವ ಸಭೆಯಲ್ಲಿ ಪ್ರಶ್ನಿಸಿದೆವು, ಬದಲಾಗಲಿಲ್ಲ. ಆಗ ಉಳಿದ ದಾರಿ ಹಳದಿ ಪುಸ್ತಕದ 8.4ನೇ ಷರತ್ತು: ಮಾಲೀಕರ ಕಡೆಯವರಿಂದಾದ ವಿಳಂಬಕ್ಕೆ ಕಾಲಾವಧಿ ವಿಸ್ತರಣೆ ಕೇಳುವುದು. ಆ ‘ಕಡೆಯವರಲ್ಲಿ’ ಇಂಜಿನಿಯರೂ ಸೇರುತ್ತಾರೆ. ಆದರೆ 20.1ರ ಪ್ರಕಾರ, ವಿಳಂಬ ತಿಳಿದ 28 ದಿನಗಳೊಳಗೆ ಕ್ಲೇಮಿನ ನೋಟಿಸ್ ಕೊಡದಿದ್ದರೆ ಹಕ್ಕು ಹೋಯಿತು. ‘ದಯವಿಟ್ಟು ಬೇಗ ನೋಡಿ’ ಎಂಬ ಜ್ಞಾಪನಾ ಪತ್ರಗಳು ಎಷ್ಟಿದ್ದರೂ ಅವನ್ನು ನೋಟಿಸ್ ಎಂದು ನಂಬಿ ಕೂರುವಂತಿಲ್ಲ. ಅದಕ್ಕೇ ನನ್ನ ರಿಜಿಸ್ಟರಿನಲ್ಲಿ ಪ್ರತಿ ನಕ್ಷೆಯ ಎದುರು ಪರಿಶೀಲನೆ ಮುಗಿಯಬೇಕಾದ ದಿನ, ನೋಟಿಸಿಗೆ ಕೊನೆಯ ದಿನ ಎರಡೂ ಇವೆ.

ಅನುಮೋದನೆ ಸಿಕ್ಕರೂ ವಿನ್ಯಾಸದ ದೋಷದ ಹೊಣೆ ಗುತ್ತಿಗೆದಾರನ ಮೇಲೆಯೇ ಇರುತ್ತದೆ. ಹಳದಿ ಪುಸ್ತಕದ 2017ರ ಆವೃತ್ತಿ ‘ಪರಿಶೀಲನೆ’ಗೆ ಪ್ರತ್ಯೇಕ ವ್ಯಾಖ್ಯೆಯನ್ನೇ ಕೊಟ್ಟು, ಇಂಜಿನಿಯರ್ ಕೊಡುವುದು ಆಕ್ಷೇಪವಿಲ್ಲವೆಂಬ ನೋಟಿಸ್ ಎಂದು ಸ್ಪಷ್ಟಪಡಿಸಿದೆ. ಹಾಗಾದರೆ ಇಷ್ಟೆಲ್ಲ ಏಕೆ ಎಂದು ಹೊಸಬರು ಕೇಳುತ್ತಾರೆ. ಆ ಒಪ್ಪಿಗೆಯಿಲ್ಲದೆ ನಕ್ಷೆಯಲ್ಲಿರುವ ಭಾಗದ ನಿರ್ಮಾಣ ಶುರುವಾಗುವುದಿಲ್ಲ. ತಿರಸ್ಕೃತವಾದ ನಕ್ಷೆಯನ್ನು ತಿದ್ದಿ ಮತ್ತೆ ಸಲ್ಲಿಸುವ ಖರ್ಚು, ಅದರ ಮರುಪರಿಶೀಲನೆಯ ಖರ್ಚು ಎರಡೂ ನಮ್ಮ ತಲೆಗೇ.